ಶವದ ದಾಖಲೆಯಲ್ಲಿ ‘ಬೇವಾರಸಿ’ ಎಂದು ಬರೆಯುವುದು ಸರಿಯೇ?

ವಹಿ ಬರೆಯುವವ, ರಾಯಚೂರು

ಎಲ್ಲರಿಗೂ ಶರಣು. ನಾವು ಏಳೆಂಟು ಮಂದಿ ಗೆಳೆಯರು ಸೇರಿ, ಯಾರೂ ಒಯ್ಯಲು ಬಾರದೆ ಉಳಿದ ಶವಗಳನ್ನು ಠಾಣೆಯಿಂದ ಪತ್ರ ಪಡೆದು ಮಣ್ಣು ಮಾಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇವೆ. ಹೊರುವ ಶಕ್ತಿ ನನಗಿಲ್ಲದ ಕಾರಣ ನನ್ನ ಪಾಲಿಗೆ ಬಂದದ್ದು ಬರೆಯುವ ಕೆಲಸ. ದಿನಾಂಕ, ಠಾಣೆ, ಚಹರೆ, ಕುಣಿ ತೋಡಿದ ಜಾಗದ ಗುರುತು, ಕೂಲಿಯ ಲೆಕ್ಕ ಇವಿಷ್ಟನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ದಾಖಲಿಸುತ್ತೇನೆ. ಅದರ ರಟ್ಟಿನ ಮೇಲೆ ಮೊದಲ ದಿನವೇ ‘ಬೇವಾರಸಿ ಶವಗಳ ವಹಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ, ಮತ್ತು ಆ ಹೆಸರಿನ ಬಗ್ಗೆ ಎರಡನೆಯ ಸಲ ಯೋಚಿಸುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ.

ಕಳೆದ ತಿಂಗಳು ಒಬ್ಬ ಮುದುಕಿಯ ಶವ ಬಂತು. ಆಸ್ಪತ್ರೆಯಲ್ಲಿ ತೀರಿಕೊಂಡಾಕೆ. ಎಲೆ ಅಡಿಕೆಯ ಸಂಚಿಯೊಳಗೆ ಮಡಿಚಿಟ್ಟ ಆಧಾರ್ ಕಾರ್ಡು ಸಿಕ್ಕಿದ್ದರಿಂದ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು, ಮಗನ ಫೋನ್ ನಂಬರು ಕೂಡ ಸಿಕ್ಕಿತ್ತು. ಆತ ಫೋನ್ ಎತ್ತಿ, ಅಷ್ಟು ದೂರದಿಂದ ಬರಲಾಗುವುದಿಲ್ಲ, ನೀವೇ ಮುಗಿಸಿಬಿಡ್ರಿ ಎಂದ. ಮಣ್ಣಾದ ಮೇಲೆ ಕುಣಿ ತೋಡಿದ ಹಿರಿಯರಿಗೆ ಕೂಲಿ ಕೊಟ್ಟು ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗ, ರಟ್ಟಿನ ಮೇಲೆ ಏನು ಬರೆದಿದ್ದೀರೆಂದು ಅವರು ಕೇಳಿದರು. ಓದಿ ಹೇಳಿದೆ. ‘ಬೇವರ್ಸಿ ಅಂದ್ರ ಬೈಗುಳ ಅಲ್ಲೇನ್ರೀ? ಸತ್ತ ಮ್ಯಾಲೂ ಈ ಮುದುಕಿಗೆ ಬೈಸಿಕೊಳ್ಳೋದು ತಪ್ಪಲಿಲ್ಲಲ್ಲ’ ಎಂದು ಹೇಳಿ, ಸಲಿಕೆ ಹೆಗಲಿಗೇರಿಸಿಕೊಂಡು ನಡೆದುಬಿಟ್ಟರು.

ಈ ಪದ ಮೂಲತಃ ಬೈಗುಳವೋ, ದಫ್ತರದ ಮಾತು ಬೈಗುಳವಾಯಿತೋ? ‘ಅಪರಿಚಿತ ಶವ’, ‘ಅನಾಥ ಶವ’, ‘ವಾರಸುದಾರರಿಲ್ಲದ ಶವ’ ಎಂಬ ಮಾತುಗಳೂ ಬಳಕೆಯಲ್ಲಿವೆಯಲ್ಲ, ಅವೆಲ್ಲ ಒಂದೇ ಅರ್ಥದವೇ? ರಟ್ಟಿನ ಮೇಲಿನ ಹೆಸರನ್ನು ಬದಲಿಸಬೇಕೆಂದು ನನಗೂ ಅನ್ನಿಸುತ್ತಿದೆ. ಆದರೆ ಯಾವ ಹೆಸರಿಡಬೇಕು ಎಂಬುದು ತೋಚುತ್ತಿಲ್ಲ. ತಿಳಿದವರು ಹೇಳಬೇಕು.

ದೋಆಬದ ಓದುಗ, ಲಿಂಗಸುಗೂರು

ಮೊದಲು ದಫ್ತರ, ಆಮೇಲೆ ಬೈಗುಳ. ಅದರ ಸಾಕ್ಷಿ ಪದದ ಒಡಲಲ್ಲೇ ಇದೆ.

‘ವಾರಿಸ್’ ಅರಬ್ಬಿ ಮಾತು. ಸತ್ತವನ ಆಸ್ತಿಗೆ ಹಕ್ಕುಳ್ಳವನು ಎಂದು ಅದರ ಅರ್ಥ. ನಾವು ನಿತ್ಯ ಬಳಸುವ ವಾರಸು, ವಾರಸುದಾರ ಎಂಬ ಮಾತುಗಳು ಅಲ್ಲಿಂದಲೇ ಬಂದವು, ಮತ್ತು ಹಳೆಯ ಜಮೀನು ಕಾಗದಗಳಲ್ಲಿ ಕಾಣುವ ‘ಮಿರಾಸಿ’ ಕೂಡ ಅದೇ ಧಾತುವಿನ ಕೂಸು. ಅದರ ಹಿಂದೆ ‘ಇಲ್ಲದ’ ಎಂಬರ್ಥದ ಪಾರಸಿಯ ‘ಬೇ’ ಸೇರಿದೆ. ಬೇನಾಮಿ, ಬೇಜವಾಬ್ದಾರಿ ಎನ್ನುವಾಗ ಇರುವುದೂ ಅದೇ ‘ಬೇ’. ಉರ್ದುವಿನಲ್ಲಿ ಇದೇ ಅರ್ಥಕ್ಕೆ ಅರಬ್ಬಿಯ ‘ಲಾ’ ಸೇರಿಸಿ ‘ಲಾವಾರಿಸ್’ ಎನ್ನುವುದು ಹೆಚ್ಚು. ನಮ್ಮ ಭಾಗದವರ ಮಾತಿನಲ್ಲಿ ಇಂತಹ ಮೂರೂ ನಿಷೇಧಗಳು ಸರಾಗವಾಗಿ ಓಡಾಡುತ್ತವೆ: ಮನುಷ್ಯ ಕಾಣೆಯಾದರೆ ‘ನಾಪತ್ತೆ’, ದಾರಿಗಾಣದಿದ್ದರೆ ‘ಲಾಚಾರ’, ಸತ್ತಾಗ ಕೇಳುವವರಿಲ್ಲದಿದ್ದರೆ ‘ಬೇವಾರಸಿ’. ಒಬ್ಬನ ಬದುಕು ಹದಗೆಡುವ ಕ್ರಮವೇ ಈ ಮೂರು ಮಾತುಗಳಲ್ಲಿದೆ ಎಂದು ನನಗೆ ಹಲವು ಸಲ ಅನ್ನಿಸಿದ್ದುಂಟು.

ಪಾರಸಿ ವ್ಯಾಕರಣದ ಪ್ರಕಾರ ಕೊನೆಯ ‘ಇ’ಕಾರ ಭಾವನಾಮದ ಗುರುತು, ಆದ್ದರಿಂದ ಬೇವಾರಿಸೀ ಎಂದರೆ ವಾರಸುದಾರನಿಲ್ಲದ ಸ್ಥಿತಿಯೇ ಹೊರತು ವಾರಸುದಾರನಿಲ್ಲದ ಮನುಷ್ಯನಲ್ಲ. ಕನ್ನಡ ಆ ಸ್ಥಿತಿಯನ್ನು ಮನುಷ್ಯನ ಮೈಗೇ ಅಂಟಿಸಿತು. ‘ಬೇವರ್ಸಿ’ ಎಂದು ನಡುವೆ ಸವೆದದ್ದು ಆಮೇಲಿನ ಮಾತು.

ರಾಯಚೂರು ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಕೊಪ್ಪಳವೂ ಆಗ ಇದೇ ಜಿಲ್ಲೆಗೆ ಸೇರಿತ್ತು, ಕಚೇರಿ ಕೋರ್ಟುಗಳ ಭಾಷೆ ಉರ್ದುವಾಗಿತ್ತು. ಪಂಚನಾಮೆ, ಚಹರೆ, ದಫ್ತರ, ರುಜುವಾತು ಇವು ನಮ್ಮ ಅಜ್ಜಂದಿರ ನಾಲಿಗೆಗೆ ಅಂಟಿದ್ದು ಆ ಬಾಗಿಲಿನ ಮುಂದೆ ಕಾದು ನಿಂತಾಗ. ಬಳ್ಳಾರಿ 1800ರಲ್ಲಿಯೇ ಕಂಪನಿಯ ಕೈಸೇರಿ ಮದ್ರಾಸಿಗೆ ಹೋಯಿತಾದರೂ, ಕಂದಾಯದ ಮಾತುಗಳಲ್ಲಿ ಅಲ್ಲಿಯೂ ಪಾರಸಿಯೇ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಮಾತು ಹುಟ್ಟಿದ್ದು ಹೆಣಕ್ಕಲ್ಲ, ಸೊತ್ತಿಗೆ. ವಾರಸುದಾರನಿಲ್ಲದ ಸೊತ್ತು ಸರ್ಕಾರಕ್ಕೆ ಸೇರುತ್ತದೆ ಎಂಬ ನಿಯಮ ನಮ್ಮ ಸಂವಿಧಾನದ 296ನೆಯ ವಿಧಿಯಲ್ಲಿಯೂ ಇದೆ. ಬೇವಾರಸು ಮಾಲು, ಬೇವಾರಸು ದನ, ಬೇವಾರಸು ಗಂಟು ಎಂದು ಹೇಳುತ್ತ ಬಂದ ಕಚೇರಿ, ಅದೇ ಸಾಲಿನಲ್ಲಿ ಬೇವಾರಸು ಹೆಣ ಎಂದು ಬರೆಯಿತು. ನಿಮ್ಮ ಹಿರಿಯರಿಗೆ ಚುಚ್ಚಿದ್ದು ಬೈಗುಳವೇ ಇರಬಹುದು, ಆದರೆ ನನಗೆ ಚುಚ್ಚುವುದು ಮುದುಕಿಯನ್ನು ಗಂಟುಮೂಟೆಯ ಸಾಲಿಗೆ ಸೇರಿಸಿದ್ದು. ಮುಸ್ಲಿಮರಲ್ಲಿ ಶವವನ್ನು ದಫನ್ ಮಾಡುವುದು ‘ಫರ್ಜ್-ಎ-ಕಿಫಾಯಾ’, ಅಂದರೆ ಊರಿನಲ್ಲಿ ಕೆಲವರು ಮಾಡಿದರೆ ಎಲ್ಲರ ಹೊಣೆಯೂ ತೀರುತ್ತದೆ, ಯಾರೂ ಮಾಡದಿದ್ದರೆ ಎಲ್ಲರಿಗೂ ಪಾಪ ತಟ್ಟುತ್ತದೆ. ವಾರಿಸ್ ಎಂಬ ಮಾತನ್ನು ಕೊಟ್ಟ ಭಾಷೆಯ ಧರ್ಮದಲ್ಲಿಯೇ ಹೀಗೆ ಮಣ್ಣಿನ ಮಟ್ಟಿಗೆ ವಾರಸುದಾರನಿಲ್ಲದ ಶವವೆಂಬುದು ಇರಲಾರದು. ಆದ್ದರಿಂದ ಆ ಪದವನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

ನಿವೃತ್ತ ರೈಟರ್, ಬಳ್ಳಾರಿ

ಮೇಲಿನವರ ವಿವರಣೆ ಚೆನ್ನಾಗಿದೆ, ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಳ್ಳಾರಿ ಜಿಲ್ಲೆಯ ಠಾಣೆಗಳಲ್ಲಿ ಬಹುಕಾಲ ರೈಟರ್ ಆಗಿ ಕುಳಿತು ಇಂತಹ ಕಾಗದಗಳನ್ನೇ ಬರೆದವನು ನಾನು. ಬಿಡಬೇಕಾದದ್ದು ಪದವನ್ನಲ್ಲ, ಅದನ್ನು ಎಲ್ಲದಕ್ಕೂ ಬಳಸುವ ರೂಢಿಯನ್ನು.

ತುಂಗಭದ್ರಾ ಜಲಾಶಯದ ಮೇಲ್ಮಟ್ಟದ ಕಾಲುವೆಯಲ್ಲಿ (ಎಚ್‌ಎಲ್‌ಸಿ) ಒಂದು ಶವ ತೇಲಿಬಂದು ತೂಬಿನ ಬಾಯಿಗೆ ಸಿಕ್ಕಿಕೊಂಡಿದೆ ಎಂದಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಅದು ‘ಅಪರಿಚಿತ ಶವ’. ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಿಸುತ್ತೇವೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನ ಅಡಿ ಆಗುತ್ತಿತ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನ ಅಡಿ ಆಗುತ್ತದೆ. ಪಂಚನಾಮೆಯಾಗಿ, ಶವಪರೀಕ್ಷೆಯಾಗಿ, ಪತ್ರಿಕೆಗೆ ಚಹರೆಪಟ್ಟಿ ಹೋಗುತ್ತದೆ: ‘ಸುಮಾರು 55 ವರ್ಷ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಬಲಗೈ ಮೇಲೆ ಹಚ್ಚೆ, ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ.’ ಗಮನಿಸಿ, ಹೆಸರೇ ಗೊತ್ತಿಲ್ಲದವರ ವಾರಸುದಾರರನ್ನು ಕರೆಯುತ್ತಿದ್ದೇವೆ. ಅಂದರೆ ಇದ್ದಾರೆಂದೇ ನಂಬಿ ಬರೆಯುತ್ತಿದ್ದೇವೆ. ನನ್ನ ಕಾಲದಲ್ಲಿ ಇಂತಹ ಒಂದು ಪ್ರಕಟಣೆ ಓದಿ ಮೂರನೆಯ ದಿನ ಒಬ್ಬ ಹೆಣ್ಣುಮಗಳು ಬಂದಳು. ಮುಖ ಗುರುತಿಸುವ ಸ್ಥಿತಿಯಲ್ಲಿ ಇರಲಿಲ್ಲ. ಆಕೆ ಮುಖದ ಕಡೆ ನೋಡಲೇ ಇಲ್ಲ, ನೇರವಾಗಿ ಮೊಣಕೈಯ ಬಳಿ ಬಗ್ಗಿ, ಹಚ್ಚೆಯ ಚೇಳಿಗೆ ಒಂದು ಕಾಲು ಕಡಿಮೆಯಿರುವುದನ್ನು ಎಣಿಸಿ, ನಮ್ಮಪ್ಪನೇ ಎಂದಳು. ಆ ಶವ ಮೂರು ದಿನ ಅಪರಿಚಿತವಾಗಿತ್ತು, ಒಂದು ದಿನವೂ ಬೇವಾರಸಿಯಾಗಿರಲಿಲ್ಲ.

ನಿಮ್ಮ ಮುದುಕಿಯದು ಇದಕ್ಕೆ ತಿರುಗಾಮುರುಗಾ. ಆಕೆ ಯಾರೆಂಬುದು ಮೊದಲ ಗಳಿಗೆಯಿಂದಲೇ ಗೊತ್ತು, ವಾರಸುದಾರನೂ ಗೊತ್ತು. ಅಂತಹ ಶವ ಅಪರಿಚಿತವೂ ಅಲ್ಲ, ನಿಜಾರ್ಥದಲ್ಲಿ ಬೇವಾರಸಿಯೂ ಅಲ್ಲ. ವಾರಸುದಾರ ಕೈಬಿಟ್ಟ ಶವ. ದಾಖಲೆ ಬರೆಯುವವರು ಈ ಮೂರನ್ನು ಕಲಸಿಬಿಟ್ಟರೆ ನಾಳೆ ಯಾರಾದರೂ ಹುಡುಕಿಕೊಂಡು ಬಂದಾಗ ಪುಸ್ತಕ ಉಪಯೋಗಕ್ಕೆ ಬರುವುದಿಲ್ಲ. ಹೆಸರು ಗೊತ್ತಿಲ್ಲದವರ ಮುಂದೆ ಚಹರೆ ಎಷ್ಟು ವಿವರವಾಗಿದ್ದರೂ ಸಾಲದು, ಬಟ್ಟೆಯ ಮೇಲೆ ದರ್ಜಿಯ ಗುರುತಿದ್ದರೆ ಅದನ್ನೂ ಬರೆಯಿರಿ.

ಕಾನೂನಿನಲ್ಲಿಯೂ ಈ ವ್ಯತ್ಯಾಸಕ್ಕೆ ಬೆಲೆಯಿದೆ. ನಮ್ಮ ರಾಜ್ಯದ 1957ರ ಅಂಗರಚನಾಶಾಸ್ತ್ರ ಕಾಯ್ದೆಯ ಪ್ರಕಾರ ಯಾರೂ ಕೇಳದ ಶವ ವೈದ್ಯಕೀಯ ಕಾಲೇಜಿನ ಮೇಜಿಗೆ ಹೋಗಬಹುದು. ಇನ್ನೊಂದು ಕಡೆ, ಮನೆಮಾರಿಲ್ಲದೆ ಸತ್ತವರಿಗೂ ಅವರವರ ಧರ್ಮದಂತೆ ಗೌರವದ ಸಂಸ್ಕಾರ ಆಗಬೇಕು, ಅದು ಸರ್ಕಾರದ ಹೊಣೆ ಎಂಬುದನ್ನು ಸುಪ್ರೀಂ ಕೋರ್ಟು 2002ರಲ್ಲಿ ಆಶ್ರಯ ಅಧಿಕಾರ ಅಭಿಯಾನದ ಪ್ರಕರಣದಲ್ಲಿ ಮನ್ನಿಸಿದೆ.

ಸಂಸ್ಕೃತದ ಮೇಷ್ಟ್ರು, ಕೊಪ್ಪಳ

ಉರ್ದು ಬರುವುದಕ್ಕೆ ಮುಂಚೆ ನಮ್ಮವರು ಇದಕ್ಕೆ ಏನನ್ನುತ್ತಿದ್ದರು ಎಂದು ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಶಾಸ್ತ್ರದ ಮಾತು ‘ಅನಾಥಪ್ರೇತ’. ಅನಾಥಪ್ರೇತಕ್ಕೆ ಸಂಸ್ಕಾರ ಮಾಡಿದವನಿಗೆ ಅಶ್ವಮೇಧದ ಫಲ ಎಂಬ ಮಾತನ್ನು ಪುರೋಹಿತರು ಇಂದಿಗೂ ಹೇಳುತ್ತಾರೆ.

‘ಪ್ರೇತ’ ಎಂದ ಕೂಡಲೇ ಹುಣಿಸೆಮರ, ಬಿಳಿಸೀರೆ ನೆನಪಾಗುವುದು ಪದದ ದೌರ್ಭಾಗ್ಯ. ‘ಪ್ರ’ ಎಂದರೆ ಮುಂದೆ, ‘ಇತ’ ಎಂದರೆ ಹೋದ. ಮುಂದೆ ಹೊರಟುಹೋದವನು ಎಂದಷ್ಟೇ ಅರ್ಥ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸತ್ತವನನ್ನು ಕುರಿತು ‘ಪ್ರೇಹಿ ಪ್ರೇಹಿ’, ಹಿರಿಯರು ಹೋದ ಹಾದಿಯಲ್ಲಿ ಹೋಗು, ಹೋಗು ಎಂದು ಹೇಳುವ ಮಂತ್ರವಿದೆ. ಊರಿಗೆ ಹೊರಟವರನ್ನು ಬಾಗಿಲಲ್ಲಿ ನಿಂತು ಕಳಿಸಿದ ಹಾಗೆ. ಸತ್ತವನನ್ನು ಹಿರಿಯರ ಸಾಲಿಗೆ ಸೇರಿಸುವ ಹನ್ನೆರಡನೆಯ ದಿನದ ಕರ್ಮವಾದ ಸಪಿಂಡೀಕರಣ ಆಗುವವರೆಗೆ ಆತ ಪ್ರೇತ, ಆದ ಮೇಲೆ ಪಿತೃ. ಮಾಡುವವರಿಲ್ಲದಿದ್ದರೆ ಆತ ಪ್ರೇತವಾಗಿಯೇ ನಿಲ್ಲುತ್ತಾನೆ ಎಂಬ ಭಯದಿಂದ ದೆವ್ವದ ಅರ್ಥ ಬೆಳೆಯಿತು.

ಇನ್ನೂ ಹಿಂದಕ್ಕೆ ಹೋದರೆ ಈ ಭಯವೂ ಇಲ್ಲ. ಅಥರ್ವವೇದದ ಹದಿನೆಂಟನೆಯ ಕಾಂಡದಲ್ಲಿ ‘ಯೇ ನಿಖಾತಾ ಯೇ ಪರೋಪ್ತಾ ಯೇ ದಗ್ಧಾ ಯೇ ಚೋದ್ಧಿತಾಃ’ ಎಂಬ ಸಾಲು ಬರುತ್ತದೆ. ಹೂಳಲ್ಪಟ್ಟವರು, ದೂರ ಎಸೆಯಲ್ಪಟ್ಟವರು, ಸುಡಲ್ಪಟ್ಟವರು, ಎತ್ತರದಲ್ಲಿ ಇಡಲ್ಪಟ್ಟವರು, ಆ ಪಿತೃಗಳೆಲ್ಲರನ್ನೂ ಹವಿಸ್ಸು ಉಣ್ಣಲು ಕರೆದು ತಾ ಎಂದು ಅಗ್ನಿಯನ್ನು ಕೇಳಲಾಗುತ್ತದೆ. ಋಗ್ವೇದದಲ್ಲಿಯೂ ‘ಅಗ್ನಿದಗ್ಧ’ರ ಪಕ್ಕದಲ್ಲೇ ‘ಅನಗ್ನಿದಗ್ಧ’ರು ಕುಳಿತಿದ್ದಾರೆ. ಮಣ್ಣೂ ಸಿಗದ, ಬೆಂಕಿಯೂ ಸಿಗದ ‘ಪರೋಪ್ತ’ನಿಗೂ ಅಲ್ಲಿ ಪಂಕ್ತಿಯಲ್ಲಿ ಎಲೆ ಹಾಕಿದೆ.

ವಾರಸುದಾರ ಎಂದರೆ ಪಿಂಡ ಹಾಕುವವನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಬಂಗಾಳದ ಜೀಮೂತವಾಹನ ಬರೆದ ‘ದಾಯಭಾಗ’ ಎಂಬ ಆಸ್ತಿಹಕ್ಕಿನ ಗ್ರಂಥದ ದಾರಿ. ನಮ್ಮ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ‘ಸಪಿಂಡ’ ಎಂಬಲ್ಲಿ ಪಿಂಡವೆಂದರೆ ಅನ್ನದುಂಡೆಯಲ್ಲ, ಶರೀರ ಎಂದು ಅರ್ಥ ಮಾಡಿದ. ಒಂದೇ ಶರೀರದ ಅಂಶ ಹಂಚಿಕೊಂಡವರು ಸಪಿಂಡರು. ಆ ಲೆಕ್ಕದಲ್ಲಿ ಮಗ ಮಣ್ಣಿಗೆ ಬಾರದಿದ್ದರೂ ತಾಯಿ ಬೇವಾರಸಿಯಾಗುವುದಿಲ್ಲ. ಆಕೆಯ ದೇಹದ ಒಂದು ತುಣುಕು ಬೇರೆ ಊರಿನಲ್ಲಿ ಫೋನ್ ಹಿಡಿದುಕೊಂಡು ಕುಳಿತಿದೆ, ಅಷ್ಟೇ. ನಿಮ್ಮ ವಹಿಗೆ ‘ಅನಾಥಪ್ರೇತ ಸಂಸ್ಕಾರ ವಹಿ’ ಎಂದು ಬರೆದರೆ ಗಂಭೀರವಾಗಿರುತ್ತದೆ.

ಬೆಣಕಲ್ಲಿನ ಸೊಸೆ, ಗಂಗಾವತಿ

ಮೇಷ್ಟ್ರ ಮಾತು ಕೇಳಲು ಚಂದ, ಆದರೆ ಆ ಹೆಸರನ್ನು ದಯವಿಟ್ಟು ಇಡಬೇಡಿ. ನೀವು ಮಣ್ಣು ಮಾಡುವವರಲ್ಲಿ ಎಷ್ಟು ಮಂದಿಗೆ ಪ್ರೇತವೆಂಬ ಲೆಕ್ಕ ಸಲ್ಲುತ್ತದೆ? ಲಿಂಗಾಯತರಲ್ಲಿ ಸತ್ತವರು ಲಿಂಗೈಕ್ಯರು. ಪಂಚಸೂತಕಗಳನ್ನು, ಅಂದರೆ ಐದು ಬಗೆಯ ಮೈಲಿಗೆಗಳನ್ನು ಅಲ್ಲಗಳೆದಾಗ ಪ್ರೇತಸೂತಕವನ್ನೂ ಅಲ್ಲಗಳೆದಾಗಿದೆ. ಮುಸ್ಲಿಮರು, ಕ್ರೈಸ್ತರು ಇದ್ದೇ ಇದ್ದಾರೆ. ಯಾರ ಧರ್ಮ ಯಾವುದೆಂದು ಗೊತ್ತಿಲ್ಲದ ಶವದ ಮೇಲೆ ಪ್ರೇತ ಎಂಬ ಚೀಟಿ ಅಂಟಿಸುವುದು ಬೇವಾರಸಿ ಎಂದು ಅಂಟಿಸುವುದಕ್ಕಿಂತ ಹೇಗೆ ಮೇಲು? ‘ಅನಾಥ’ವೂ ನನಗೆ ಒಗ್ಗುವುದಿಲ್ಲ. ನಾಲ್ಕು ಮಕ್ಕಳನ್ನು ಹೆತ್ತವಳನ್ನು ಅನಾಥೆ ಎಂದರೆ ಮಕ್ಕಳ ತಪ್ಪನ್ನು ಮುಚ್ಚಿ ಆಕೆಯ ಮೇಲೆ ಕನಿಕರ ತೋರಿಸಿದ ಹಾಗಾಗುತ್ತದೆ.

ನಮ್ಮ ಕಡೆ ಇದಕ್ಕೆ ಬೇಕಾದ ಮಾತು ‘ಮಣ್ಣು’ ಎಂಬುದರಲ್ಲಿಯೇ ಇದೆ. ಮಣ್ಣು ಎಷ್ಟೊತ್ತಿಗೆ ಎಂದು ಕೇಳುತ್ತೇವೆ, ಮಣ್ಣಿಗೆ ಹೋಗಿ ಬಂದೆವು ಎನ್ನುತ್ತೇವೆ, ಮೂರು ಹಿಡಿ ಮಣ್ಣು ಕೊಟ್ಟು ಬಂದೆ ಎನ್ನುತ್ತೇವೆ. ನಮ್ಮ ಓಣಿಯ ಮುಸ್ಲಿಮರು ‘ಮಿಟ್ಟಿ ದೇನಾ’ ಎನ್ನುವುದೂ ಇದನ್ನೇ. ‘ಮಣ್ಣಾಗ ಹೋಗ’ ಎಂದು ಬೈಯುವವರೇ, ಸಾವಿನ ಮನೆಯಲ್ಲಿ ನಿಂತು ‘ಒಂದ್ ಹಿಡಿ ಮಣ್ಣು ಹಾಕೋರೂ ಇರಲಿಲ್ಲ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಬೈಗುಳದಲ್ಲಿ ಬಯಸಿದ್ದು ಸಾವನ್ನು. ಮಣ್ಣು ತಪ್ಪಲಿ ಎಂದು ಬಯಸುವಷ್ಟು ಕೆಟ್ಟವರನ್ನು ನಾನು ಕಂಡಿಲ್ಲ.

ರೈಟರ್ ಸಾಹೇಬರು ಹೇಳಿದ ಮೂರು ಬಗೆಗೆ ನಾಲ್ಕನೆಯದೊಂದನ್ನು ಸೇರಿಸಬೇಕು. 1791-92ರ ಬರವನ್ನು ವಿಜಯಪುರ ಸೀಮೆಯ ಜನ ‘ಡೋಜಿ ಬರ’, ಅಂದರೆ ತಲೆಬುರುಡೆಯ ಬರ ಎಂದು ಕರೆದರು. ಹೂಳುವವರಿಲ್ಲದೆ ಸತ್ತವರ ಎಲುಬುಗಳು ಹಾದಿ ಹೊಲಗಳಲ್ಲಿ ಬೆಳ್ಳಗೆ ಬಿದ್ದಿದ್ದವು ಎಂಬುದು ಆ ಹೆಸರಿಗೆ ಹೇಳುವ ಕಾರಣ. ಬಳ್ಳಾರಿ ಜಿಲ್ಲೆ 1876-78ರ ಬರದಲ್ಲಿ ಕಂಗೆಟ್ಟದ್ದನ್ನು ಎಲ್ಲರೂ ಬಲ್ಲರು. ಇಂತಹ ಕಡೆ ವಾರಸುದಾರ ಬರಲಿಲ್ಲ ಎಂದು ಯಾರನ್ನು ದೂರುವುದು? ಆತನೂ ಅದೇ ಹಾದಿಯಲ್ಲಿ ಹತ್ತು ಮಾರು ಮುಂದೆ ಬಿದ್ದಿರುತ್ತಾನೆ. ಆಗ ಜನ ಒಬ್ಬೊಬ್ಬ ಸತ್ತವನನ್ನೂ ಬೇವಾರಸಿ ಎನ್ನಲಿಲ್ಲ, ಬರಕ್ಕೇ ಬುರುಡೆಯ ಹೆಸರಿಟ್ಟರು.

ನನ್ನ ತವರು ಬೇರೆ, ಸೊಸೆಯಾಗಿ ಬಂದದ್ದು ಹಿರೇಬೆಣಕಲ್ಲಿಗೆ. ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಚಪ್ಪಡಿಯ ಸಮಾಧಿಗಳು ಸುಮಾರು ನಾನೂರು ಇವೆ. ಅಲ್ಲಿ ಇರುವವರ ಹೆಸರು, ಕುಲ, ಭಾಷೆ ಯಾವುದೂ ನಮಗೆ ಗೊತ್ತಿಲ್ಲ, ವಾರಸುದಾರರ ಮಾತಂತೂ ದೂರ. ಆದರೂ ಊರವರು ಅವನ್ನು ಮೋರೇರ ಮನೆಗಳು ಎನ್ನುತ್ತಾರೆ. ಹೆಣವೆಂದೂ ಅಲ್ಲ, ಗೋರಿಯೆಂದೂ ಅಲ್ಲ, ಮನೆ.

ವಹಿ ಬರೆಯುವವ, ರಾಯಚೂರು

ಎಲ್ಲರಿಗೂ ಋಣಿಯಾಗಿದ್ದೇನೆ. ಗಂಗಾವತಿಯ ಅಕ್ಕನವರ ಮಾತಿನಂತೆ ಹೊಸ ರಟ್ಟು ಹೊದಿಸಿ ‘ಮಣ್ಣು ಕೊಟ್ಟವರ ವಹಿ’ ಎಂದು ಬರೆಯಬೇಕೆಂದಿದ್ದೆ. ಬರೆದು ನೋಡಿದರೆ, ಮಣ್ಣು ಕೊಟ್ಟವರು ನಾವಾಗಿ, ಪುಸ್ತಕವೇ ನಮ್ಮ ಬಗ್ಗೆ ಎಂಬಂತೆ ಕಂಡಿತು. ಕೊನೆಗೆ ‘ಮಣ್ಣಿನ ವಹಿ’ ಎಂದಷ್ಟೇ ಬರೆದಿದ್ದೇನೆ. ಒಳಗೆ ರೈಟರ್ ಸಾಹೇಬರ ಸಲಹೆಯಂತೆ ಒಂದು ಅಂಕಣ ಹೆಚ್ಚಿಸಿ, ಹೆಸರು ಗೊತ್ತಿಲ್ಲ, ವಾರಸುದಾರರು ಸಿಗಲಿಲ್ಲ, ವಾರಸುದಾರರು ಬರಲಿಲ್ಲ ಎಂಬ ಮೂರರಲ್ಲಿ ಯಾವುದು ನಿಜವೋ ಅದನ್ನು ಬರೆಯುವುದೆಂದು ತೀರ್ಮಾನಿಸಿದ್ದೇವೆ. ಠಾಣೆಗೆ ಕೊಡುವ ಕಾಗದದಲ್ಲಿ ಮಾತ್ರ ಅವರು ಕೇಳುವ ಪದವನ್ನೇ ಬರೆಯಬೇಕಾಗುತ್ತದೆ, ಅದಕ್ಕೆ ಉಪಾಯವಿಲ್ಲ. ಅಲ್ಲಿ ‘ಬೇವಾರಸಿ’ ಎನ್ನಬೇಕೋ ‘ಬೇವಾರಸು’ ಎನ್ನಬೇಕೋ?

ದೋಆಬದ ಓದುಗ, ಲಿಂಗಸುಗೂರು

‘ಬೇವಾರಸು’ ಎಂದು ಬರೆಯಿರಿ. ವಾರಸು ಎಂಬ ಕನ್ನಡದ ರೂಪಕ್ಕೆ ಹತ್ತಿರವಾಗಿರುವುದರಿಂದ ಓದುವವರಿಗೆ ಅರ್ಥ ಎದುರಿಗೇ ಕಾಣುತ್ತದೆ, ಬೈಗುಳ ಅಷ್ಟು ಬೇಗ ನಾಲಿಗೆಗೆ ಬರುವುದಿಲ್ಲ. ‘ವಾರಸುದಾರರು ಬಾರದ ಶವ’ ಎಂದು ಪೂರ್ತಿ ಬರೆದರೆ ಠಾಣೆಯವರೂ ಬೇಡವೆನ್ನಲಾರರು. ‘ಇಲ್ಲದ’ ಎನ್ನುವ ಬದಲು ‘ಬಾರದ’ ಎಂದಿರಲಿ.

ವಹಿ ಬರೆಯುವವ, ರಾಯಚೂರು

ನಿನ್ನೆ ಮತ್ತೊಂದು ಮಣ್ಣಿತ್ತು. ಕೂಲಿ ಕೊಡುವಾಗ ಹೊಸ ರಟ್ಟನ್ನು ಆ ಹಿರಿಯರಿಗೆ ಓದಿ ಹೇಳಿದೆ. ತಲೆಯಾಡಿಸಿದರು. ಆಮೇಲೆ, ಆ ಎಲೆ ಅಡಿಕೆ ಸಂಚಿಯ ಮುದುಕಿಯ ಪುಟ ತೆಗೆಯಿರಿ ಎಂದರು. ತೆಗೆದೆ. ಹೊಸ ಅಂಕಣದಲ್ಲಿ ಏನು ಬರೆದಿದ್ದೀರೆಂದು ಕೇಳಿದಾಗ, ‘ಮಗ ಫೋನ್ ಎತ್ತಿದ, ಬರಲಿಲ್ಲ’ ಎಂದು ಓದಿದೆ. ಇನ್ನೊಂದು ಸಲ ಓದಿಸಿಕೊಂಡು, ಆ ಸಾಲಿನ ಪಕ್ಕದಲ್ಲಿ ತಮ್ಮ ಹೆಬ್ಬೆಟ್ಟು ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿಕೊಂಡರು.